ದಿನನಿತ್ಯದ ನೋಟಗಳಲ್ಲಿ ಟೆಲಿಕಾಂ ಟವರ್: ಫೋಟೊ ತೆಗೆಯುವವರಿಗೆ ಸಮಗ್ರ ಮಾರ್ಗದರ್ಶಿ

ಬೆಟ್ಟ, ಹೊಲ, ಬೀದಿ, ಮನೆಗಳ ಚಾವಣಿ, ಯಾವುದರ ಫೋಟೊ ತೆಗೆಯಹೊರಟರೂ ಎಲ್ಲೋ ಒಂದು ಕಡೆ ಟವರ್ ಬಂದೇ ಬರುತ್ತದೆ. ಹೆಚ್ಚಿನವರು ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಅದನ್ನು ಹೊರಗಿಡುತ್ತಾರೆ. ಟವರನ್ನೇ ತೆಗೆಯಬೇಕೆಂದು ಹೊರಟವರು ನೇರ ಅದರ ಬುಡಕ್ಕೆ ಹೋಗಿ ಕತ್ತೆತ್ತುತ್ತಾರೆ. ಎರಡೂ ಸಲ ಕೈತಪ್ಪುವುದು ಒಂದೇ: ಆ ಟವರಿಗೂ ಅದು ನಿಂತ ಜಾಗಕ್ಕೂ ಇರುವ ನಂಟು. ಪಕ್ಕದ ಮನೆಗಿಂತ ಅದು ಎಷ್ಟು ಎತ್ತರ, ಕರೆಂಟು ಯಾವ ಕಂಬದಿಂದ ಬರುತ್ತಿದೆ, ಡಿಶ್ ಯಾವ ದಿಕ್ಕಿಗೆ ಮುಖ ಮಾಡಿದೆ, ಬೇಲಿಯಾಚೆ ಏನು ನಡೆಯುತ್ತಿದೆ ಎಂಬುದನ್ನೆಲ್ಲ ಒಂದೇ ಚಿತ್ರದಲ್ಲಿ ಕಾಣಿಸುವುದು ಹೇಗೆಂದು ಇಲ್ಲಿ ನೋಡೋಣ.

ಸಲಕರಣೆ ಹೆಚ್ಚು ಬೇಡ. 24ರಿಂದ 70 ಮಿ.ಮೀ. ವ್ಯಾಪ್ತಿಯ ಒಂದು ಲೆನ್ಸ್, ಮೇಲಿನ ಉಪಕರಣಗಳಿಗಾಗಿ 200 ಅಥವಾ 300 ಮಿ.ಮೀ. ತಲುಪುವ ಇನ್ನೊಂದು, ಗಟ್ಟಿಯಾದ ಟ್ರೈಪಾಡ್, ಹೊಳಪು ತಗ್ಗಿಸಿ ಆಕಾಶವನ್ನು ಗಾಢವಾಗಿಸುವ ಪೋಲರೈಸರ್ ಫಿಲ್ಟರ್, ಸಾಧ್ಯವಾದರೆ ಬೈನಾಕ್ಯುಲರ್. ಬರೀ ಫೋನ್ ಇದ್ದರೂ ದೂರದ ಉಪಕರಣಗಳನ್ನು ಬಿಟ್ಟು ಉಳಿದುದೆಲ್ಲ ಸಾಧ್ಯ.

ಮೊದಲು ಏನು ಕಾಣುತ್ತಿದೆ ಎಂದು ಗುರುತಿಸಿ

ಕ್ಯಾಮೆರಾ ಚೀಲದಲ್ಲೇ ಇರಲಿ. ಹತ್ತು ನಿಮಿಷ ಬೈನಾಕ್ಯುಲರಿನಲ್ಲಿ ಮೇಲಿನಿಂದ ಕೆಳಗಿನವರೆಗೆ ನೋಡಿ. ಟವರ್ ಯಾವ ಬಗೆಯದೆಂಬುದರ ಮೇಲೆ ಫೋಟೊದ ಮುಕ್ಕಾಲು ಪಾಲು ತೀರ್ಮಾನ ನಿಂತಿದೆ.

ಕಬ್ಬಿಣದ ಆಂಗಲ್ ಅಥವಾ ಪೈಪುಗಳನ್ನು ಬೋಲ್ಟ್ ಹಾಕಿ ಜೋಡಿಸಿದ, ಮೂರು ಅಥವಾ ನಾಲ್ಕು ಕಾಲಿನ ಜಾಲರಿ ಟವರಿಗೆ ಪಕ್ಕದ ಬೆಳಕು ಬೇಕು. ಎದುರು ಬೆಳಕಿನಲ್ಲಿ ಹಿಂದಿನ ಮತ್ತು ಮುಂದಿನ ಆಂಗಲ್‌ಗಳು ಒಂದರೊಳಗೊಂದು ಕಲೆತು ಸಿಕ್ಕುಸಿಕ್ಕಾಗಿ ಕಾಣುತ್ತವೆ. ಒಂಟಿ ಕೊಳವೆಯ ಟವರ್ ಬರೀ ಗೆರೆಯಂತೆ ಕಾಣುವುದರಿಂದ ಅದಕ್ಕೆ ಪಕ್ಕದಲ್ಲಿ ಅಳತೆಗೆ ಸಿಗುವ ಮರವೋ ದೀಪದ ಕಂಬವೋ ಬೇಕೇ ಬೇಕು. ಸ್ಟೇ ವೈರ್ ಎಳೆದು ನಿಲ್ಲಿಸಿದ ತೆಳು ಟವರಿನಲ್ಲಿ ನಿಜವಾದ ವಿಷಯ ತಂತಿಗಳೇ. ಅವು ನೆಲ ಮುಟ್ಟುವ ಕಾಂಕ್ರೀಟ್ ಕಟ್ಟೆಗಳು ಟವರಿನಿಂದ ಬಹಳ ದೂರ ಇರುತ್ತವೆ, ಅವನ್ನೂ ಸೇರಿಸಿಕೊಳ್ಳುವಷ್ಟು ಅಗಲವಾಗಿ ನೋಡಿ. ಪೋಲೆಂಡಿನ ಕಾನ್‌ಸ್ಟಾಂಟಿನೋವ್‌ನಲ್ಲಿದ್ದ 646 ಮೀಟರ್ ಎತ್ತರದ ರೇಡಿಯೊ ಮಾಸ್ಟ್ 1991ರಲ್ಲಿ ಸ್ಟೇ ವೈರ್ ಬದಲಿಸುವ ಕೆಲಸ ನಡೆಯುತ್ತಿದ್ದಾಗಲೇ ಕುಸಿದುಬಿತ್ತು. ಇಂಥ ಟವರನ್ನು ಎತ್ತಿ ಹಿಡಿಯುವುದು ಏನೆಂದು ಚಿತ್ರ ಹೇಳದಿದ್ದರೆ ಅರ್ಧ ಮಾತು ಉಳಿದುಹೋದಂತೆ.

ಇನ್ನು ಮೇಲಿನ ಸಾಮಾನು. ನೆಟ್ಟಗೆ ನಿಂತ ಉದ್ದನೆಯ ಬಿಳಿ ಅಥವಾ ಬೂದು ಪೆಟ್ಟಿಗೆಗಳು ಪ್ಯಾನೆಲ್ ಆಂಟೆನಾಗಳು, ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಮೀಟರ್ ಉದ್ದ. ಅವುಗಳ ನಡುವೆ ಗಿಡ್ಡಗೆ, ಅಗಲವಾಗಿ, ಹೆಚ್ಚೆಂದರೆ 1 ಮೀಟರ್ ಎತ್ತರದ ಪೆಟ್ಟಿಗೆ ಕಂಡರೆ ಅದು ಬಹುಶಃ 5ಜಿಯದು. ಅದರಲ್ಲಿ ಆಂಟೆನಾ ಮತ್ತು ರೇಡಿಯೊ ಎರಡೂ ಒಂದೇ ಕವಚದೊಳಗಿರುತ್ತವೆ. ಹಳೆಯ ಪ್ಯಾನೆಲ್‌ಗಳ ಹಿಂದೆ ನೇತುಬಿದ್ದ, ಶಾಖ ಹೊರಹಾಕಲು ಸಾಲುಸಾಲು ಲೋಹದ ಪಟ್ಟಿಗಳಿರುವ ಚಿಕ್ಕ ಪೆಟ್ಟಿಗೆಗಳೇ ರೇಡಿಯೊ ಯೂನಿಟ್‌ಗಳು. ಚಪ್ಪಟೆ ಮುಚ್ಚಳದ ದುಂಡನೆಯ ಡ್ರಮ್‌ಗಳು ಮೈಕ್ರೊವೇವ್ ಡಿಶ್‌ಗಳು.

ಡಿಶ್‌ಗಳ ಮೇಲೆ ವಿಶೇಷ ಗಮನವಿರಲಿ. ಪ್ರತಿಯೊಂದೂ ತಡೆಯಿಲ್ಲದ ನೇರ ದೃಷ್ಟಿಯಲ್ಲಿ ಇನ್ನೊಂದು ಡಿಶ್‌ನತ್ತ ಮುಖ ಮಾಡಿರುತ್ತದೆ. ಅದರ ದಿಕ್ಕನ್ನು ಫೋನಿನ ದಿಕ್ಸೂಚಿಯಲ್ಲಿ ಅಳೆದು ನಕ್ಷೆಯ ಮೇಲೆ ಗೆರೆ ಎಳೆದರೆ ಮುಂದಿನ ಟವರ್ ಎಲ್ಲೋ ಆ ಗೆರೆಯ ಮೇಲೆ ಸಿಗುತ್ತದೆ. ಮೊದಲ ಟವರಿನ ಹಿಂದೆ, ಅದೇ ಗೆರೆಯ ನೇರಕ್ಕೆ ಹೋಗಿ ನಿಂತರೆ ಮುಂದೆ ಒಂದು ಟವರ್, ದೂರದ ದಿಬ್ಬದ ಮೇಲೆ ಅದರ ಜೊತೆಗಾರ, ನಡುವೆ ಊರು. ಈ ವಿಷಯದಲ್ಲಿ ಸಿಗಬಹುದಾದ ಅತ್ಯುತ್ತಮ ಸಂಯೋಜನೆಗಳಲ್ಲಿ ಇದೊಂದು. ಇದನ್ನು ಹುಡುಕಿಕೊಂಡು ಹೋಗುವವರು ಬಹಳ ಕಡಿಮೆ.

ಎಲ್ಲಿ ನಿಲ್ಲಬೇಕು

ಟವರನ್ನು ಎರಡು ಸುತ್ತು ಹಾಕಿ: ಒಂದು ಹತ್ತಿರದಿಂದ, ಇನ್ನೊಂದು ಟವರಿನ ಎತ್ತರದ ಐದಾರು ಪಟ್ಟು ದೂರದಿಂದ. ಎರಡನೆಯ ಸುತ್ತಿನಲ್ಲೇ ಹೆಚ್ಚಿನ ಒಳ್ಳೆಯ ಜಾಗಗಳು ಸಿಗುತ್ತವೆ.

ದೂರ ಬದಲಾದರೆ ಟವರ್ ಮತ್ತು ಮನೆಯ ಅನುಪಾತವೇ ಬದಲಾಗುತ್ತದೆ. 6 ಮೀಟರ್ ಎತ್ತರದ ಮನೆ, ಅದರ 200 ಮೀಟರ್ ಹಿಂದೆ 40 ಮೀಟರಿನ ಟವರ್ ಎಂದಿಟ್ಟುಕೊಳ್ಳಿ. ಮನೆಯಿಂದ 50 ಮೀಟರ್ ದೂರದಲ್ಲಿ ನಿಂತರೆ ಚಿತ್ರದಲ್ಲಿ ಟವರ್ ಮನೆಯ ಸುಮಾರು 1.3 ಪಟ್ಟು ಮಾತ್ರ. ಮನೆಯಿಂದ 200 ಮೀಟರ್ ದೂರಕ್ಕೆ ಸರಿದು ಉದ್ದದ ಲೆನ್ಸ್ ಹಾಕಿದರೆ ಅದೇ ಟವರ್ ಮನೆಯ 3.3 ಪಟ್ಟು. ಯಾವುದೂ ಸುಳ್ಳಲ್ಲ, ಆದರೆ ಎರಡೂ ಬೇರೆಬೇರೆ ಮಾತು ಹೇಳುತ್ತವೆ. ಜೂಮ್ ತಿರುಗಿಸುವುದರಿಂದ ಈ ಅನುಪಾತ ಬದಲಾಗುವುದಿಲ್ಲ, ಕಾಲು ಸವೆಸಿದರೆ ಮಾತ್ರ ಬದಲಾಗುತ್ತದೆ. ಆದ್ದರಿಂದ ಮೊದಲು ನಿಲ್ಲುವ ದೂರ ತೀರ್ಮಾನಿಸಿ, ಆಮೇಲೆ ಲೆನ್ಸ್ ಆರಿಸಿ.

ಆಂಟೆನಾಗಳ ಮಟ್ಟಿಗೂ ನಿಲ್ಲುವ ಕೋನ ಮುಖ್ಯ. ಸಾಮಾನ್ಯವಾಗಿ ಅವು ಸುಮಾರು 120 ಡಿಗ್ರಿ ಅಂತರದಲ್ಲಿ ಮೂರು ದಿಕ್ಕಿಗೆ ಮುಖ ಮಾಡಿರುತ್ತವೆ. ಒಂದು ಗುಂಪಿನ ನೇರ ಎದುರು ನಿಂತರೆ ಅದರ ಸಪಾಟು ಬಿಳಿ ಮುಖವೇ ಇಡೀ ನೋಟವನ್ನು ಆವರಿಸುತ್ತದೆ. ಎರಡು ಗುಂಪುಗಳ ನಡುವಿನ ದಿಕ್ಕಿಗೆ ಬನ್ನಿ: ಎಡಬಲದಲ್ಲಿ ಎರಡು ಮುಖ ಓರೆಯಾಗಿ, ಅವುಗಳ ಬೆನ್ನಿಗಿರುವ ರೇಡಿಯೊ ಯೂನಿಟ್‌ಗಳ ಅಂಚು, ಕೇಬಲ್‌ಗಳ ಬಾಗು ಎಲ್ಲವೂ ಕಾಣುತ್ತವೆ.

ಟವರಿನ ಎತ್ತರ ತಿಳಿಯದಿದ್ದರೆ ಫೋನಿನ ಕೋನಮಾಪಕ ಆ್ಯಪ್ ಸಾಕು. ಸಮತಟ್ಟು ನೆಲದಲ್ಲಿ ತುದಿ ಸರಿಯಾಗಿ 45 ಡಿಗ್ರಿಗೆ ಕಾಣುವಲ್ಲಿಗೆ ನಡೆಯಿರಿ. ಅಲ್ಲಿಂದ ಬುಡಕ್ಕಿರುವ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಸೇರಿಸಿದರೆ ಟವರಿನ ಎತ್ತರ.

ಟವರ್ ನೆಟ್ಟಗೆ ನಿಲ್ಲಬೇಕಾದರೆ

ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದಷ್ಟೂ ಟವರ್ ಹಿಂದಕ್ಕೆ ವಾಲಿದಂತೆ, ಪಕ್ಕದ ಮನೆಗಳು ಒಳಕ್ಕೆ ಬೀಳುವಂತೆ ಕಾಣುತ್ತವೆ. ಉಪಾಯ ಸರಳ: ಚೌಕಟ್ಟಿನ ಉದ್ದ ಬದಿ ಮೇಲೆಕೆಳಗಾಗುವಂತೆ ಕ್ಯಾಮೆರಾವನ್ನು ಲಂಬವಾಗಿ ತಿರುಗಿಸಿ, ನೆಲಕ್ಕೆ ಸಮಮಟ್ಟದಲ್ಲಿ ಹಿಡಿದು, ತುದಿ ಚೌಕಟ್ಟಿನೊಳಗೆ ಬರುವವರೆಗೂ ಹಿಂದೆ ಸರಿಯಿರಿ. ಎಷ್ಟು ಹಿಂದೆ ಎಂಬುದಕ್ಕೂ ಲೆಕ್ಕವಿದೆ. ಫುಲ್‌ಫ್ರೇಮ್ (36×24 ಮಿ.ಮೀ. ಸೆನ್ಸರಿನ) ಕ್ಯಾಮೆರಾದಲ್ಲಿ ಟವರಿನ ಎತ್ತರವನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ, ಅಂದರೆ ಅದರ ಮಿ.ಮೀ. ಸಂಖ್ಯೆಯಿಂದ, ಗುಣಿಸಿ 18ರಿಂದ ಭಾಗಿಸಿದರೆ ಬರುವುದೇ ಕನಿಷ್ಠ ದೂರ. 40 ಮೀಟರ್ ಟವರಿಗೆ 24 ಮಿ.ಮೀ. ಲೆನ್ಸಿನಲ್ಲಿ ಸುಮಾರು 53 ಮೀಟರ್, 35ರಲ್ಲಿ 78, 50ರಲ್ಲಿ 111. ತುದಿಯ ಮೇಲೆ ಉಸಿರಾಡಲು ಆಕಾಶ ಬೇಕೆಂದರೆ ಇದಕ್ಕೆ ಶೇ 15ರಷ್ಟು ಸೇರಿಸಿ. ಅಡ್ಡ ಚೌಕಟ್ಟಾದರೆ 18ರ ಬದಲು 12ರಿಂದ ಭಾಗಿಸಿ. ಅದಕ್ಕಿಂತ ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾವನ್ನು ಲಂಬವಾಗಿ ಹಿಡಿದಾಗಲೂ 12 ಹೆಚ್ಚುಕಮ್ಮಿ ಸರಿಹೊಂದುತ್ತದೆ.

ಹೀಗೆ ತೆಗೆದಾಗ ದಿಗಂತ ಚಿತ್ರದ ನಡುವೆ ಬಂದು ಕೆಳಗಿನ ಅರ್ಧ ಬರೀ ನೆಲವಾಗುತ್ತದೆ ಎಂದು ಹಲವರು ಅದನ್ನು ಕತ್ತರಿಸಿಬಿಡುತ್ತಾರೆ. ದಯವಿಟ್ಟು ಆತುರಪಡಬೇಡಿ. ದಿನನಿತ್ಯದ ನೋಟ ಇರುವುದೇ ಆ ಅರ್ಧದಲ್ಲಿ. ಕಾಲುದಾರಿ, ಒಣಹಾಕಿದ ಬಟ್ಟೆ, ನಿಂತ ಸೈಕಲ್, ಬೇಲಿಯತ್ತ ಸಾಗುವ ಕರೆಂಟಿನ ತಂತಿಯ ನೆರಳು, ಏನಾದರೂ ಅಲ್ಲಿ ಸಿಕ್ಕೇ ಸಿಗುತ್ತದೆ. ಸಿಗದಿದ್ದರೆ ಹತ್ತು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದು ಹುಡುಕಿ. ಮುನ್ನೆಲೆ ನಿಜಕ್ಕೂ ಖಾಲಿ ಎನಿಸಿದರೆ ಆಗ ಕತ್ತರಿಸಿ.

ಹಿಂದೆ ಸರಿಯಲು ಜಾಗವಿಲ್ಲದಿದ್ದರೆ ಕ್ಯಾಮೆರಾವನ್ನು ಓರೆ ಮಾಡದೆಯೇ ನೋಟವನ್ನು ಮೇಲಕ್ಕೆ ಸರಿಸುವ ಶಿಫ್ಟ್ ಲೆನ್ಸ್ ಅತ್ಯುತ್ತಮ. ಅದೂ ಇಲ್ಲದಿದ್ದರೆ ಸ್ವಲ್ಪ ಓರೆಯಾಗಿ ತೆಗೆದು ಆಮೇಲೆ ಸಾಫ್ಟ್‌ವೇರಿನಲ್ಲಿ ನೇರ ಮಾಡಬಹುದು, ಆದರೆ ಎರಡು ಎಚ್ಚರಿಕೆ: ನೇರ ಮಾಡುವಾಗ ಪಕ್ಕದ ಅಂಚುಗಳು ಕತ್ತರಿಸಿಹೋಗುತ್ತವೆ, ಆದ್ದರಿಂದ ಎರಡೂ ಕಡೆ ಧಾರಾಳ ಜಾಗ ಬಿಟ್ಟು ತೆಗೆಯಿರಿ. ಮತ್ತು ಓರೆ 15–20 ಡಿಗ್ರಿ ಮೀರಿದ್ದರೆ ಮೇಲ್ಭಾಗ ಎಳೆದು ಹಿಗ್ಗಿಸಿದಂತಾಗಿ ಆಂಟೆನಾಗಳೇ ಮಸುಕಾಗುತ್ತವೆ. ಪೂರ್ತಿ ನೇರ ಮಾಡಿದ ಎತ್ತರದ ಟವರ್ ತಲೆಭಾರವಾಗಿ ಕಾಣುವುದುಂಟು, ಒಂಚೂರು ಓರೆ ಉಳಿಸಿದರೆ ಕಣ್ಣು ಒಪ್ಪುತ್ತದೆ.

ಬುಡದಿಂದ ಕತ್ತೆತ್ತಿ ತೆಗೆಯುವುದು ತಪ್ಪೆಂದಲ್ಲ. ಮಾಸ್ಕೋದಲ್ಲಿ 1922ರಲ್ಲಿ ಪೂರ್ಣಗೊಂಡ ಶೂಖೊವ್ ರೇಡಿಯೊ ಟವರನ್ನು ಛಾಯಾಗ್ರಾಹಕ ಅಲೆಕ್ಸಾಂಡರ್ ರಾಡ್‌ಚೆಂಕೊ 1929ರಲ್ಲಿ ಹಾಗೇ ತೆಗೆದರು. ಆ ಟವರಿನ ಜಾಲರಿ ಬಳೆಗಳಂತೆ ಒಂದರ ಮೇಲೊಂದು ಸುತ್ತುವುದರಿಂದ ಕೆಳಗಿನ ನೋಟವೇ ಅದರ ರಚನೆಯನ್ನು ಬಿಡಿಸಿ ತೋರಿಸುತ್ತದೆ. ನಿಮ್ಮ ಮುಂದಿನ ಟವರಿನಲ್ಲಿ ಅಂಥ ಕಾರಣವಿದ್ದರೆ ಕತ್ತೆತ್ತಿ, ಟವರಿನ ನಡು ಅಕ್ಷವನ್ನು ಚೌಕಟ್ಟಿನ ಒಂದು ಕರ್ಣಕ್ಕೆ ಸರಿಯಾಗಿ ಕೂರಿಸಿ.

ಬೆಳಕು

ಸೂರ್ಯ ಪಕ್ಕದಲ್ಲಿದ್ದು ಕೆಳಗಿದ್ದಾಗ, ಅಂದರೆ ಬೆಳಗಿನ ಮತ್ತು ಸಂಜೆಯ ಒಂದೆರಡು ಗಂಟೆ, ಜಾಲರಿಯ ಪ್ರತಿ ಆಂಗಲ್ಲಿಗೂ ಒಂದು ಬಿಳಿ ಬದಿ, ಒಂದು ಕಪ್ಪು ಬದಿ ಬರುತ್ತದೆ. ಸತು ಲೇಪಿಸಿದ ಕಬ್ಬಿಣ ಸಂಜೆಯ ಬಣ್ಣವನ್ನು ಚೆನ್ನಾಗಿ ಹೀರುತ್ತದೆ. ಮೋಡದ ದಿನ ನೀರಸವೆಂದು ಮನೆಯಲ್ಲಿ ಕೂರಬೇಡಿ: ಉಪಕರಣಗಳ ವಿವರಕ್ಕೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ. ಬಿಳಿ ಆಕಾಶಕ್ಕೆ ಬಿಳಿ ಆಂಟೆನಾ ಕರಗಿಹೋಗುತ್ತದೆ ಎನ್ನುವುದೊಂದೇ ತೊಂದರೆ. ಆಗ ಬೆಟ್ಟವೋ ಮರವೋ ಆಂಟೆನಾದ ಹಿಂದೆ ಬರುವಂತೆ ಎತ್ತರದ ಜಾಗಕ್ಕೆ ಹೋಗಿ.

ನೀಲಿ ಆಕಾಶವಿದ್ದರೆ ಪೋಲರೈಸರ್ ಹಾಕಿ. ಸೂರ್ಯನಿಗೆ 90 ಡಿಗ್ರಿ ದಿಕ್ಕಿನಲ್ಲಿ ಆಕಾಶ ಹೆಚ್ಚು ಗಾಢವಾಗಿ ಬಿಳಿ ಪ್ಯಾನೆಲ್‌ಗಳು ಎದ್ದು ಕಾಣುತ್ತವೆ. ಬಣ್ಣ ಬಳಿದ ಭಾಗ ಮತ್ತು ಫೈಬರ್‌ಗ್ಲಾಸ್ ಕವಚದ ಹೊಳಪನ್ನು ಅದು ತಗ್ಗಿಸುತ್ತದೆ, ಬರಿಯ ಲೋಹದ ಹೊಳಪಿನ ಮೇಲೆ ಅಷ್ಟಾಗಿ ಪರಿಣಾಮವಿಲ್ಲ. ಅಗಲದ ಲೆನ್ಸಿನಲ್ಲಿ ಮಾತ್ರ ಆಕಾಶದ ಒಂದು ಪಟ್ಟೆ ಕಡುನೀಲಿ, ಉಳಿದದ್ದು ಪೇಲವವಾಗಿ ಬಂದು ಚಿತ್ರ ಕೆಡುತ್ತದೆ. 28 ಮಿ.ಮೀ.ಗಿಂತ ಅಗಲಕ್ಕೆ ಹೋದರೆ ಫಿಲ್ಟರ್ ತೆಗೆಯುವುದೇ ಮೇಲು.

ಎಕ್ಸ್‌ಪೋಷರ್, ಮತ್ತು ಮಾಯವಾಗುವ ತಂತಿಗಳು

ಹಗಲಿಗೆ ಆರಂಭದ ಸೆಟ್ಟಿಂಗ್: ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ರಂಧ್ರ) ಎಫ್8, ಕ್ಯಾಮೆರಾ ತಿದ್ದದ ರಾ ಫೈಲ್. ಪ್ರಕಾಶಮಾನ ಆಕಾಶ ಮೀಟರನ್ನು ಮೋಸಗೊಳಿಸಿ ಟವರನ್ನು ಕಪ್ಪು ನೆರಳಾಗಿಸುತ್ತದೆ, ಆಗ ಎಕ್ಸ್‌ಪೋಷರನ್ನು 1 ಸ್ಟಾಪಿನಷ್ಟು, ಅಂದರೆ ಬೆಳಕು ಇಮ್ಮಡಿಯಾಗುವಷ್ಟು, ಏರಿಸಿ. ಬಿಸಿಲು ನೇರ ಬಿಳಿ ಪ್ಯಾನೆಲ್ ಮೇಲೆ ಬಿದ್ದಿದ್ದರೆ ಏರಿಸುವ ಮುನ್ನ ಕ್ಯಾಮೆರಾ ತೋರಿಸುವ ಬೆಳಕಿನ ಹಂಚಿಕೆಯ ನಕ್ಷೆಯಾದ ಹಿಸ್ಟೋಗ್ರಾಂನ ಬಲ ಅಂಚು ನೋಡಿ. ಸುಟ್ಟುಹೋದ ಬಿಳಿ ಮರಳಿ ಬಾರದು, ನೆರಳನ್ನಾದರೆ ಆಮೇಲೆ ಎತ್ತಬಹುದು.

ಎಫ್8 ಎಂದಿದ್ದಕ್ಕೆ ಕಾರಣವಿದೆ. ಪೂರ್ತಿ ತೆರೆದ ಅಪರ್ಚರಿನಲ್ಲಿ ತೆಳು ಕಬ್ಬಿಣದ ಸುತ್ತ ನೇರಳೆ ಅಂಚು ಬರುತ್ತದೆ. ಎಫ್16ಕ್ಕೆ ಹೋದರೆ ಕಿರಿದಾದ ರಂಧ್ರದ ಅಂಚಿನಲ್ಲಿ ಬೆಳಕು ಬಾಗಿ ಹರಡುವುದರಿಂದ ಸಣ್ಣ ವಿವರ ಮೆದುವಾಗುತ್ತದೆ, ಸಾಲದ್ದಕ್ಕೆ ಸೆನ್ಸರಿನ ಧೂಳಿನ ಚುಕ್ಕೆಗಳೆಲ್ಲ ಖಾಲಿ ಆಕಾಶದಲ್ಲಿ ಎದ್ದು ಕೂರುತ್ತವೆ.

ಸ್ಟೇ ವೈರ್ ಕಣ್ಣಿಗೆ ಕಂಡರೂ ಚಿತ್ರದಲ್ಲಿ ತುಂಡುತುಂಡಾಗುವುದು ಯಾಕೆ? 16 ಮಿ.ಮೀ. ದಪ್ಪದ ತಂತಿಯನ್ನು 100 ಮೀಟರ್ ದೂರದಿಂದ 50 ಮಿ.ಮೀ. ಲೆನ್ಸಿನಲ್ಲಿ ತೆಗೆದರೆ ಸೆನ್ಸರಿನ ಮೇಲೆ ಅದರ ಬಿಂಬದ ಅಗಲ 8 ಮೈಕ್ರಾನ್. 24 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ ಸೆನ್ಸರಿನ ಒಂದು ಪಿಕ್ಸೆಲ್ ಸುಮಾರು 6 ಮೈಕ್ರಾನ್. ಅಂದರೆ ತಂತಿಗೆ ಸಿಕ್ಕಿದ್ದು ಸುಮಾರು 1.3 ಪಿಕ್ಸೆಲ್! ಚಿತ್ರವನ್ನು ಕಿರಿದು ಮಾಡಿದ ಕೂಡಲೇ ಅದು ಮೆಟ್ಟಿಲುಮೆಟ್ಟಿಲಾಗುತ್ತದೆ, ಇಲ್ಲವೇ ಅಳಿಸಿಹೋಗುತ್ತದೆ. ಪರಿಹಾರವೆಂದರೆ ಉದ್ದದ ಲೆನ್ಸಿನಲ್ಲಿ ಎರಡು ಮೂರು ಫ್ರೇಮ್ ತೆಗೆದು ಜೋಡಿಸುವುದು, ಅಥವಾ ಬಿಸಿಲು ತಂತಿಯ ಮೇಲೆ ಮಿನುಗುವ ಕೋನವನ್ನು ಹುಡುಕಿ ಗಾಢ ಹಿನ್ನೆಲೆಗೆ ಅದನ್ನು ತರುವುದು. ಫೋನ್‌ಗಳಲ್ಲಿ ನಾಯ್ಸ್ ಕಡಿಮೆ ಮಾಡುವ ತಂತ್ರವೇ ತಂತಿಯನ್ನು ಅಳಿಸುತ್ತದೆ. ಸಾಧ್ಯವಿದ್ದರೆ ಅಲ್ಲೂ ರಾ ಬಳಸಿ, ಎಚ್‌ಡಿಆರ್ ಆಫ್ ಮಾಡಿ. ಎಚ್‌ಡಿಆರ್ ಟವರಿನ ಸುತ್ತ ಬಿಳಿ ಪ್ರಭೆ ಹಚ್ಚುವುದು ಮಾಮೂಲಿ.

ಮೇಲಿನ ಉಪಕರಣಗಳ ಹತ್ತಿರದ ನೋಟ

300 ಮಿ.ಮೀ. ಲೆನ್ಸಿನಲ್ಲಿ 50 ಮೀಟರ್ ದೂರದ ಚೌಕಟ್ಟಿನ ಅಗಲ 6 ಮೀಟರ್. ಟವರಿನ ತಲೆಯಲ್ಲಿರುವ ಆಂಟೆನಾ ಗುಂಪು ಸಾಮಾನ್ಯವಾಗಿ ಇದರಲ್ಲಿ ಹಿಡಿಸುತ್ತದೆ. 24 ಮೆಗಾಪಿಕ್ಸೆಲ್ಲಿನಲ್ಲಿ ಒಂದು ಪಿಕ್ಸೆಲ್ಲಿಗೆ 1 ಮಿ.ಮೀ.ನಂತೆ ವಿವರ ದಕ್ಕುತ್ತದೆ, ಬೋಲ್ಟ್‌ಗಳನ್ನು ಎಣಿಸಬಹುದು.

ಏನು ನೋಡಬೇಕು? ಪ್ಯಾನೆಲ್ ಆಂಟೆನಾದ ಕನೆಕ್ಟರ್‌ಗಳು ಹೆಚ್ಚಾಗಿ ಅದರ ತಳದಲ್ಲಿರುತ್ತವೆ, ಅವು ಬೇಕೆಂದರೆ ಬುಡದ ಹತ್ತಿರ ಬರಬೇಕು. ಮುಖ ಬೇಕೆಂದರೆ ಎತ್ತರದ ಕನಿಷ್ಠ ಮೂರು ಪಟ್ಟು ದೂರ ಹೋಗಿ, ಆಗ ನೋಡುವ ಕೋನ 18 ಡಿಗ್ರಿಗೆ ಇಳಿಯುತ್ತದೆ. ಕನೆಕ್ಟರಿನ ಕೆಳಗೆ ಕೇಬಲ್ ಒಮ್ಮೆ ಜೋತುಬಿದ್ದು ಮತ್ತೆ ಮೇಲೇರುವುದನ್ನು ಗಮನಿಸಿ. ಮಳೆನೀರು ಕೇಬಲ್ ಗುಂಟ ಹರಿದು ಪೆಟ್ಟಿಗೆಯೊಳಗೆ ಹೋಗದೆ ಆ ಬಾಗಿನ ತಳದಿಂದ ತೊಟ್ಟಿಕ್ಕಲೆಂದು ಕೆಲಸಗಾರರು ಬೇಕೆಂದೇ ಹಾಗೆ ಬಿಡುತ್ತಾರೆ. ಕನೆಕ್ಟರಿಗೆ ಸುತ್ತಿದ ಕಪ್ಪು ಟೇಪು, ಕೇಬಲ್ಲಿಗೆ ಗುರುತಿಗಾಗಿ ಕಟ್ಟಿದ ಬಣ್ಣದ ಪಟ್ಟಿಗಳು, ಪ್ಯಾನೆಲನ್ನು ಒಂದೆರಡು ಡಿಗ್ರಿ ಕೆಳಗೆ ಬಾಗಿಸುವ ಮೇಲಿನ ಬ್ರ್ಯಾಕೆಟ್ಟು, ಹಳೆಯ ಆಂಟೆನಾ ಬಿಚ್ಚಿದ ಮೇಲೆ ಉಳಿದ ಖಾಲಿ ಪೈಪು. ಮನುಷ್ಯರ ಕೈಕೆಲಸ ಕಾಣುವುದು ಇಲ್ಲೇ, ಹಾಗಾಗಿ ಇಂಥ ಎರಡು ಮೂರು ಚಿತ್ರಗಳಿಲ್ಲದೆ ಯಾವ ಸರಣಿಯೂ ಪೂರ್ತಿಯಾಗದು.

ಕಬ್ಬಿಣದ ಬೇಲಿಯ ಮೂಲಕ ಕೆಳಗಿನ ಕ್ಯಾಬಿನೆಟ್, ಜನರೇಟರ್ ತೆಗೆಯುವಾಗ ಲೆನ್ಸನ್ನು ಬೇಲಿಗೆ ಆನಿಸಿ ಎಫ್4ರ ಹತ್ತಿರ ತೆರೆಯಿರಿ, ಜಾಲರಿ ಕರಗಿಹೋಗುತ್ತದೆ. ಬೇಲಿಯನ್ನೇ ಸೇರಿಸಿಕೊಳ್ಳುವುದೂ ಪ್ರಾಮಾಣಿಕ ಆಯ್ಕೆಯೇ.

ಮಧ್ಯಾಹ್ನ ಡಾಂಬರು ರಸ್ತೆ ಅಥವಾ ಬಯಲಿನ ಮೇಲಿಂದ ಉದ್ದದ ಲೆನ್ಸಿನಲ್ಲಿ ತೆಗೆದರೆ ಆಂಟೆನಾಗಳ ಅಂಚು ನೀರಿನಲ್ಲಿ ಅಲುಗಿದಂತೆ ಬರುತ್ತದೆ. ಅದು ಫೋಕಸ್ ದೋಷವಲ್ಲ, ಬಿಸಿಗಾಳಿ. ಯಾವ ಲೆನ್ಸೂ ಸರಿಪಡಿಸದು, ಬೆಳಿಗ್ಗೆ ಬೇಗ ಬನ್ನಿ.

ಮುಸ್ಸಂಜೆ ಮತ್ತು ಕೆಂಪು ದೀಪ

ವಿಮಾನಗಳಿಗಾಗಿ ಹಾಕಿದ ದೀಪ ಕತ್ತಲಾಗುತ್ತಿದ್ದಂತೆ ಸಾಮಾನ್ಯವಾಗಿ ತಾನಾಗಿ ಹೊತ್ತಿಕೊಳ್ಳುತ್ತದೆ. ಆಕಾಶ ಇನ್ನೂ ನೀಲಿಯಿದ್ದು ಮನೆಗಳ ದೀಪ ಹೊತ್ತಿದ ಆ ಸ್ವಲ್ಪ ಹೊತ್ತೇ ಸರಿಯಾದ ಸಮಯ. ಸಮಭಾಜಕದ ಹತ್ತಿರದ ನಾಡುಗಳಲ್ಲಿ ಅದು ಬೇಗ ಮುಗಿಯುತ್ತದೆ, ಆದ್ದರಿಂದ ಸೂರ್ಯ ಮುಳುಗುವ ಮುನ್ನವೇ ಟ್ರೈಪಾಡ್ ನಿಲ್ಲಿಸಿ ಫೋಕಸ್ ಮಾಡಿ ಮ್ಯಾನುವಲ್‌ಗೆ ಹಾಕಿಡಿ. ಮುಳುಗಿದ 20 ನಿಮಿಷಕ್ಕೆ ಐಎಸ್‌ಒ 100, ಎಫ್8, 4 ಸೆಕೆಂಡಿನಿಂದ ಆರಂಭಿಸಿ.

ಆ 4 ಸೆಕೆಂಡಿಗೆ ಇನ್ನೊಂದು ಕಾರಣವೂ ಇದೆ. ಮಧ್ಯಮ ಪ್ರಖರತೆಯ ಮಿನುಗು ದೀಪಗಳು ಅಂತಾರಾಷ್ಟ್ರೀಯ ನಿಯಮದಂತೆ ನಿಮಿಷಕ್ಕೆ 20ರಿಂದ 60 ಬಾರಿ ಮಿನುಗುತ್ತವೆ. ಅತಿ ನಿಧಾನದ್ದೂ 3 ಸೆಕೆಂಡಿಗೊಮ್ಮೆ ಹೊತ್ತುವುದರಿಂದ 4 ಸೆಕೆಂಡು ತೆರೆದ ಶಟರ್ ಒಂದಾದರೂ ಮಿನುಗನ್ನು ಹಿಡಿಯುತ್ತದೆ. 1/60 ಸೆಕೆಂಡಿನಲ್ಲಿ ತೆಗೆದವರ ಚಿತ್ರದಲ್ಲಿ ದೀಪ ಆರಿದಂತೆ ಕಾಣಲು ಇದೇ ಕಾರಣ. ದೀರ್ಘ ಎಕ್ಸ್‌ಪೋಷರಿನಲ್ಲಿ ಕೆಂಪು ದೀಪದ ನಡುಭಾಗ ಹಳದಿಯೋ ಬಿಳಿಯೋ ಆದರೆ ಕೆಂಪು ಚಾನೆಲ್ ತುಂಬಿ ಹರಿದಿದೆ ಎಂದರ್ಥ. ಎರಡು ಸ್ಟಾಪ್ ಕಡಿಮೆಯ ಇನ್ನೊಂದು ಫ್ರೇಮ್ ತೆಗೆದಿಟ್ಟು ದೀಪವನ್ನಷ್ಟೇ ಅದರಿಂದ ಸೇರಿಸಬಹುದು. ಗಾಳಿ ಜೋರಾಗಿದ್ದರೆ ಟವರೇ ತೂಗುತ್ತದೆ. ಆಗ ಉದ್ದದ ಲೆನ್ಸ್ ಬಿಟ್ಟು ಅಗಲದ ನೋಟಕ್ಕೆ ಬನ್ನಿ.

ಮೀರಬಾರದ ಗೆರೆಗಳು

ಬೇಲಿ ದಾಟಬೇಡಿ, ಟವರ್ ಹತ್ತಬೇಡಿ, ಯಾವ ಚಿತ್ರಕ್ಕೂ ಆ ಬೆಲೆಯಿಲ್ಲ. ಪ್ಯಾನೆಲ್ ಆಂಟೆನಾದ ಕಿರಣ ಕಿರಿದಾದ ಹಾಳೆಯಂತೆ ಮುಂದಕ್ಕೆ ಸಾಗುವುದರಿಂದ ನೆಲದ ಮೇಲೆ ನಿಂತವರಿಗೆ ತಲುಪುವುದು ಅಲ್ಪ. ಚಾವಣಿಯ ಮೇಲೆ ಹಾಗಲ್ಲ. ಅಲ್ಲಿ ಆಂಟೆನಾದ ಎದುರಿಗೆ, ಅದರ ಎತ್ತರದಲ್ಲೇ ನಿಲ್ಲಬೇಡಿ. ಎಚ್ಚರಿಕೆ ಫಲಕವಿದ್ದಲ್ಲಿ ಅದರ ಆಚೆಗೆ ಹೋಗಲೇಬೇಡಿ. ಎಎಂ ರೇಡಿಯೊ ಪ್ರಸಾರದ ಮಾಸ್ಟ್‌ಗಳಲ್ಲಿ ಹಲವುಗಳ ಇಡೀ ಕಂಬವೇ ಆಂಟೆನಾ, ಮುಟ್ಟಿದರೆ ಸುಡುತ್ತದೆ. ಗುಡುಗಿನ ಮೋಡ ಕಂಡರೆ ದೂರ ಸರಿಯಿರಿ.

ಸಾರ್ವಜನಿಕ ರಸ್ತೆಯಿಂದ ತೆಗೆಯುವ ನಿಯಮ ದೇಶದಿಂದ ದೇಶಕ್ಕೆ ಬೇರೆ. ಸೇನೆ, ವಿಮಾನ ನಿಲ್ದಾಣ, ಗಡಿಯ ಹತ್ತಿರದ ಟವರುಗಳನ್ನು ಅನುಮತಿಯಿಲ್ಲದೆ ತೆಗೆಯಬೇಡಿ. ಕಾವಲುಗಾರ ಕೇಳಿದರೆ ತೆಗೆದ ಚಿತ್ರ ತೋರಿಸಿ ಉದ್ದೇಶ ಹೇಳಿ. ಡ್ರೋನ್ ಹಾರಿಸುವವರು ಸ್ಟೇ ವೈರ್ ಡ್ರೋನಿನ ಪರದೆಯಲ್ಲಿ ಕಾಣುವುದಿಲ್ಲ ಎಂಬುದನ್ನೂ, ದೊಡ್ಡ ಕಬ್ಬಿಣದ ರಚನೆಯ ಹತ್ತಿರ ದಿಕ್ಸೂಚಿ ಎಡವಬಹುದು ಎಂಬುದನ್ನೂ ನೆನಪಿಡಿ.

ಒಂದರಿಂದ ಸರಣಿಗೆ

ಜರ್ಮನಿಯ ಬೆರ್ಂಡ್ ಮತ್ತು ಹಿಲ್ಲಾ ಬೆಷರ್ ದಂಪತಿ 1959ರಿಂದ ದಶಕಗಳ ಕಾಲ ನೀರಿನ ಟ್ಯಾಂಕು, ಗಣಿಯ ಗೋಪುರಗಳನ್ನು ಮೋಡದ ಬೆಳಕಿನಲ್ಲಿ, ಒಂದೇ ಬಗೆಯ ಚೌಕಟ್ಟಿನಲ್ಲಿ ತೆಗೆದು ಸಾಲಾಗಿ ಜೋಡಿಸಿದರು. ಟವರುಗಳಿಗೂ ಆ ಕ್ರಮ ಒಗ್ಗುತ್ತದೆ: ಒಂದೇ ಫೋಕಲ್ ಲೆಂಗ್ತ್, ಒಂದೇ ಬಗೆಯ ಬೆಳಕು, ಚೌಕಟ್ಟಿನಲ್ಲಿ ಟವರಿಗೆ ಒಂದೇ ಪಾಲು. ಬೆಷರ್‌ಗಳ ಚಿತ್ರಗಳಲ್ಲಿ ವಸ್ತುವೇ ಚೌಕಟ್ಟು ತುಂಬುತ್ತದೆ. ನೆರೆಹೊರೆಯನ್ನೂ ತೋರಿಸಬೇಕಾದ ನಮಗೆ ಟವರ್ ಚೌಕಟ್ಟಿನ ಎತ್ತರದ ಅರ್ಧದಿಂದ ಮೂರನೇ ಎರಡರಷ್ಟು ಇದ್ದರೆ ಸಾಕು.

ಚಿತ್ರ ತಿದ್ದುವಾಗ ಅಂಚುಗಳನ್ನು ಚೂಪಾಗಿಸುವ ಶಾರ್ಪನಿಂಗ್‌ನ ರೇಡಿಯಸ್ ಅನ್ನು 0.5ರಿಂದ 0.8 ಪಿಕ್ಸೆಲ್ ಒಳಗಿಡಿ, ಮೀರಿದರೆ ಪ್ರತಿ ಆಂಗಲ್ಲಿಗೂ ಬಿಳಿ ಅಂಚು ಮೂಡುತ್ತದೆ. ನಾಯ್ಸ್ ಕಡಿಮೆ ಮಾಡುವುದನ್ನು ಖಾಲಿ ಆಕಾಶಕ್ಕಷ್ಟೇ ಅನ್ವಯಿಸಿ. ಕೊನೆಯ ಅಳತೆಗೆ ಕಿರಿದಾಗಿಸಿದ ಮೇಲೆ ಜಾಲರಿಯಲ್ಲಿ ಅಲೆಯಂಥ ವಿನ್ಯಾಸ ಎದ್ದಿದೆಯೇ ಎಂದು ಪೂರ್ಣ ಗಾತ್ರದಲ್ಲಿ ಪರೀಕ್ಷಿಸಿ. ಎದ್ದಿದ್ದರೆ ಬೇರೆ ಅಳತೆಗೆ ಕಿರಿದಾಗಿಸಿದರೆ ಹಲವು ಸಲ ಸರಿಹೋಗುತ್ತದೆ. ಎದುರು ಬಂದ ಕರೆಂಟಿನ ತಂತಿಯನ್ನು ಸಾಫ್ಟ್‌ವೇರಿನಲ್ಲಿ ಅಳಿಸಬೇಡಿ. ಟವರ್ ನಡೆಯುವುದೇ ಅದರಿಂದ.

ಪ್ರತಿ ಚಿತ್ರದ ಜೊತೆ ದಿನಾಂಕ, ಹೊತ್ತು, ನೀವು ನೋಡುತ್ತಿದ್ದ ದಿಕ್ಕು, ಅಂದಾಜು ದೂರ, ಫೋಕಲ್ ಲೆಂಗ್ತ್, ಕಂಡ ಆಂಟೆನಾ ಮತ್ತು ಡಿಶ್‌ಗಳ ಸಂಖ್ಯೆ ಬರೆದಿಡಿ. ಹೊರಗೆ ಹಂಚುವ ಪ್ರತಿಯಲ್ಲಿ ಫಲಕದ ಮೇಲಿನ ದೂರವಾಣಿ ಸಂಖ್ಯೆಗಳನ್ನು ಮಸುಕಾಗಿಸಿ, ನಿಖರ ಸ್ಥಳದ ಜಿಪಿಎಸ್ ಮಾಹಿತಿಯನ್ನು ಅಗತ್ಯವಿಲ್ಲದಿದ್ದರೆ ತೆಗೆದುಹಾಕಿ, ಮೂಲ ಫೈಲಿನಲ್ಲಿ ಮಾತ್ರ ಉಳಿಸಿ. ಟ್ರೈಪಾಡ್ ನಿಂತ ಜಾಗವನ್ನು ಮತ್ತೆ ಗುರುತಿಸಲು ಕಾಲ ಬಳಿಯ ನೆಲದ್ದೂ ಒಂದು ಫೋಟೊ ಇರಲಿ. ಟವರಿನ ಮೇಲಿನ ಸಾಮಾನು ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ, ಕೆಳಗಿನ ನೆರೆಹೊರೆಯೂ ಬದಲಾಗುತ್ತದೆ. ವರ್ಷಕ್ಕೊಮ್ಮೆ ಅದೇ ತಿಂಗಳು, ಅದೇ ಹೊತ್ತಿಗೆ ಹೋಗಿ, ಹಳೆಯ ಚಿತ್ರವನ್ನು ಫೋನಿನಲ್ಲಿ ತೆರೆದುಕೊಂಡು, ಮುಂದಿನ ಮನೆಯ ಮೂಲೆ ಟವರಿನ ಯಾವ ಅಡ್ಡಪಟ್ಟಿಗೆ ಸರಿಯಾಗಿ ತಾಗುತ್ತಿತ್ತೋ ಅಲ್ಲಿಗೇ ತಾಗುವವರೆಗೆ ಹೆಜ್ಜೆ ಸರಿಪಡಿಸಿಕೊಂಡು ಶಟರ್ ಒತ್ತಿ.